ಶಾಯಿಯ ಕೆಳಗಿನ ಮುಖ

ನಮ್ಮಮ್ಮನ ಮದುವೆಯದ್ದೆಂದು ಉಳಿದಿರುವುದು ಒಂದೇ ಒಂದು ಫೋಟೋ. 1963ರದು. ಹಾಸನದಿಂದ ಸ್ಟುಡಿಯೋದವರು ಸ್ಟ್ಯಾಂಡು, ಕರಿಬಟ್ಟೆ, ಕ್ಯಾಮರಾ ಪೆಟ್ಟಿಗೆ ಎಲ್ಲ ಹೊತ್ತುಕೊಂಡು ಬಸ್ಸಿನಲ್ಲಿ ಬಂದಿದ್ದರಂತೆ. ಚಪ್ಪರದ ಮುಂದೆ ಕುರ್ಚಿಗಳಲ್ಲಿ ಹಿರಿಯರು, ಹಿಂದೆ ನಿಂತವರು, ಕೆಳಗೆ ಜಮಖಾನದ ಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಮಕ್ಕಳು. ಹಿಂದಿನ ಸಾಲಿನ ಬಲತುದಿಯಲ್ಲಿ ನಿಂತಿರುವ ಹುಡುಗಿಗೆ ಮಾತ್ರ ಮುಖವಿಲ್ಲ. ಸೀರೆ ಇದೆ, ಮುಂದಕ್ಕೆ ಹಾಕಿಕೊಂಡ ಉದ್ದ ಜಡೆ ಇದೆ, ಕೈತುಂಬ ಬಳೆ ಇದೆ. ಮುಖದ ಜಾಗದಲ್ಲಿ ಒಂದು ನೀಲಿಗಪ್ಪು ಮಚ್ಚೆ.

"ಶಾಯಿ ಚೆಲ್ಲಿತ್ತು" ಎಂದು ಅಜ್ಜಿ ಹೇಳಿದ್ದರು. ನಾವು ಮಕ್ಕಳು ಅದನ್ನು ನಂಬಿದ್ದೆವು. ರಜೆಗೆ ಅಜ್ಜಿಮನೆಗೆ ಹೋದಾಗ ನಡುಮನೆಯಲ್ಲಿ ಮಲಗಿಕೊಂಡು ಗೋಡೆಯ ಮೇಲಿನ ಆ ಮಚ್ಚೆಯನ್ನೇ ನೋಡುತ್ತ ಆಟವಾಡುತ್ತಿದ್ದೆವು. ಒಬ್ಬರಿಗೆ ಅದು ಕೋಳಿಯ ಹಾಗೆ ಕಾಣುತ್ತಿತ್ತು, ಇನ್ನೊಬ್ಬರಿಗೆ ಮಳೆಮೋಡದ ಹಾಗೆ, ನನಗೆ ಶ್ರೀಲಂಕಾದ ನಕಾಶೆಯ ಹಾಗೆ. ಫೋಟೋದಲ್ಲಿದ್ದ ಹನ್ನೆರಡು ಜನರಲ್ಲಿ ಹನ್ನೊಂದು ಮಂದಿಯನ್ನು ನಾವು ಸರಿಯಾಗಿ ನೋಡಿದ್ದೇ ಇಲ್ಲ. ನಮ್ಮ ಕಣ್ಣೆಲ್ಲ ಮಚ್ಚೆಯ ಮೇಲೆ.

ದೊಡ್ಡವಳಾದ ಮೇಲೆ ಒಂದು ದಿನ ಧೂಳು ಒರೆಸುವಾಗ ಹೊಳೆಯಿತು. ಕಟ್ಟು ಹಾಕಿಸಿದ ಫೋಟೋ. ಗಾಜು ಸ್ವಚ್ಛವಾಗಿದೆ, ಶಾಯಿ ಗಾಜಿನ ಒಳಗಿದೆ. ಗಾಜಿನೊಳಕ್ಕೆ ಶಾಯಿ ಚೆಲ್ಲುವುದು ಹೇಗೆ?

ಆಗ ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ ಕಾಲ. ಅಮ್ಮ ಬಾಗಿಲು ಮುಂದೆ ಮಾಡಿ, ಅಕ್ಕಿ ಆರಿಸುತ್ತ, ತಲೆ ಎತ್ತದೆ ಹೇಳಿದರು. ಅಮ್ಮನಿಗೆ ಇನ್ನೊಬ್ಬ ತಂಗಿ ಇದ್ದಳು. ಅಮ್ಮನ ಮದುವೆಯಾಗಿ ಎರಡು ವರ್ಷಕ್ಕೆ ಅವಳಿಗೆ ರಾತ್ರಿ ನಿದ್ದೆ ಹೋಯಿತು, ಒಬ್ಬಳೇ ಮಾತಾಡಲು ಶುರುಮಾಡಿದಳು. ತಾಯಿತ ಕಟ್ಟಿಸಿದರು, ದೇವಸ್ಥಾನದಲ್ಲಿ ನಲವತ್ತೆಂಟು ದಿನ ಇಟ್ಟರು. ಕೊನೆಗೆ ದೂರದ ಊರಿನ ಒಂದು ಆಸ್ಪತ್ರೆಗೆ ಸೇರಿಸಿ ಬಂದರು. ಕರೆದುಕೊಂಡು ಬರಲು ಮಾತ್ರ ಯಾರೂ ಹೋಗಲಿಲ್ಲ. 1971ರಲ್ಲಿ ಒಂದು ಕಾರ್ಡು ಬಂತು, ಅಷ್ಟೆ. ಅಷ್ಟರಲ್ಲಿ ಮನೆಯಲ್ಲಿ ಇನ್ನೊಬ್ಬ ಹುಡುಗಿ ಬೆಳೆದು ನಿಂತಿದ್ದಳು. ಗಂಡಿನ ಕಡೆಯವರು ಬಂದು ನಡುಮನೆಯಲ್ಲೇ ಕೂರುವುದು. "ಇವಳು ಯಾರು? ಎಲ್ಲಿಗೆ ಕೊಟ್ಟಿದ್ದೀರಿ?" ಎಂದು ಕೇಳಿದರೆ ಏನು ಹೇಳುವುದು? ಫೋಟೋ ತೆಗೆದಿಡೋಣವೆಂದರೆ ಮುತ್ತಜ್ಜಿಯದು ಬೇರೆ ಫೋಟೋ ಇಲ್ಲ. ಅಜ್ಜ ಒಂದು ಮಧ್ಯಾಹ್ನ ಕಟ್ಟು ಬಿಚ್ಚಿ, ಕಡ್ಡಿಗೆ ಹತ್ತಿ ಸುತ್ತಿ, ಶಾಯಿ ಹಚ್ಚಿ ಮತ್ತೆ ಕಟ್ಟು ಹಾಕಿದರಂತೆ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ನನ್ನ ಮಗಳಿಗೂ. ಈಗ ಬರೆಯಲು ಕಾರಣ ಜರ್ಮನಿಯ ಒಬ್ಬ ಚಿತ್ರಕಾರರು.

2023ರ ಬೇಸಿಗೆ ರಜೆಯಲ್ಲಿ ಮಗಳು ನನ್ನನ್ನು ಬರ್ಲಿನ್ನಿಗೆ ಕರೆಸಿಕೊಂಡಿದ್ದಳು. ಮೂವತ್ತು ವರ್ಷ ಮಕ್ಕಳಿಗೆ ಎರಡನೆಯ ಮಹಾಯುದ್ಧದ ಪಾಠ ಮಾಡಿದವಳು ನಾನು. ಕಾರಣಗಳು ಐದು, ಪರಿಣಾಮಗಳು ಆರು ಎಂದು ಕರಿಹಲಗೆಯ ಮೇಲೆ ಬರೆಸಿದವಳು. ಆ ಊರನ್ನು ಕಣ್ಣಾರೆ ನೋಡುವ ಆಸೆ ಇತ್ತು. ಆದರೆ ಮಗಳು ಕರೆದುಕೊಂಡು ಹೋಗಿದ್ದು ಒಂದು ಚಿತ್ರಶಾಲೆಗೆ. ನೋಯೆ ನ್ಯಾಷನಲ್ ಗ್ಯಾಲರಿ ಎಂದು ಅದರ ಹೆಸರು. 1968ರಲ್ಲಿ ತೆರೆದ, ಗಾಜಿನ ಗೋಡೆಗಳ ಕಟ್ಟಡ. ಅಲ್ಲಿ ಗೆರ್ಹಾರ್ಡ್ ರಿಕ್ಟರ್ ಅವರ ನೂರು ಕೃತಿಗಳ ಪ್ರದರ್ಶನ. ರಿಕ್ಟರ್ ಎಂದರೆ ನನಗೆ ಗೊತ್ತಿದ್ದದ್ದು ಭೂಕಂಪ ಅಳೆಯುವ ಮಾಪಕದ ರಿಕ್ಟರ್ ಒಬ್ಬರೇ. ಇವರು ಬೇರೆ.

ಅಮೂರ್ತ ಚಿತ್ರಗಳ ವಿಷಯದಲ್ಲಿ ನನ್ನ ಅಭಿಪ್ರಾಯ ನಮ್ಮ ಸ್ಕೂಲಿನ ಡ್ರಾಯಿಂಗ್ ಮಾಸ್ಟರರ ಅಭಿಪ್ರಾಯವೇ ಆಗಿತ್ತು: ಕೈ ಕೂರದವರು ಬಣ್ಣ ಮೆತ್ತುತ್ತಾರೆ. ಮೊದಲ ಕೋಣೆಗಳನ್ನು ಸೀರೆ ಅಂಗಡಿಯಲ್ಲಿ ಬೇಡದ ಸೀರೆ ನೋಡುವ ಹಾಗೆ ನೋಡಿಕೊಂಡು ಹೋದೆ. ಅಷ್ಟರಲ್ಲಿ ಒಂದಷ್ಟು ಪುಟ್ಟ ಚೌಕಟ್ಟುಗಳು ಸಿಕ್ಕವು. ನಾವು ಸ್ಟುಡಿಯೋದಲ್ಲಿ ರೀಲು ಕೊಟ್ಟು ತೊಳೆಸಿಕೊಳ್ಳುತ್ತಿದ್ದೆವಲ್ಲ, ಆ ಪೋಸ್ಟ್‌ಕಾರ್ಡ್ ಸೈಜಿನ ಮಾಮೂಲಿ ಫೋಟೋಗಳು. ಅವುಗಳ ಮೇಲೆ ದಪ್ಪಗೆ ತೈಲವರ್ಣ ಎಳೆದುಬಿಟ್ಟಿದೆ. ಎಲ್ಲೋ ಒಂದು ಅಂಚಿನಲ್ಲಿ ಮರದ ಕೊಂಬೆ, ಒಂದಿಷ್ಟು ಹಿಮ, ಯಾರದೋ ಭುಜ. ಉಳಿದದ್ದೆಲ್ಲ ಬಣ್ಣದ ಕೆಳಗೆ.

ನಾನು ಅಲ್ಲಿ ನಿಂತೇಬಿಟ್ಟೆ. ಮಗಳು "ಏನಮ್ಮಾ, ಕಾಲು ನೋವಾ?" ಎಂದು ಕೇಳಿದಳು. ಹೌದು ಎಂದೆ.

ಊರಿಗೆ ಬಂದ ಮೇಲೆ ಈ ರಿಕ್ಟರರ ಬಗ್ಗೆ ಮಗಳಿಂದ ಪುಸ್ತಕ ತರಿಸಿಕೊಂಡು, ಅವಳನ್ನು ಫೋನಿನಲ್ಲಿ ಪೀಡಿಸಿ, ಓದಿ ತಿಳಿದದ್ದನ್ನು ನಿಮಗೆ ಹೇಳಬೇಕೆನ್ನಿಸುತ್ತಿದೆ. ಚಿತ್ರಕಲೆಯ ಪಂಡಿತಳಲ್ಲ ನಾನು. ಇತಿಹಾಸದ ಟೀಚರು. ಹಾಗಾಗಿ ಇಸವಿಯಿಂದಲೇ ಶುರುಮಾಡುತ್ತೇನೆ.

ರಿಕ್ಟರ್ ಹುಟ್ಟಿದ್ದು 1932ರ ಫೆಬ್ರವರಿ 9ರಂದು, ಡ್ರೆಸ್ಡನ್ ನಗರದಲ್ಲಿ. ಮುಂದಿನ ವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದ. ತಂದೆ ಮೇಷ್ಟರು, ಯುದ್ಧಕ್ಕೆ ಹೋಗಿ ಸೆರೆಯಾಳಾಗಿ ಹಿಂದಿರುಗಿದವರು. ತಾಯಿ ಪುಸ್ತಕದಂಗಡಿಯ ಕೆಲಸ ಕಲಿತವರು, ಪಿಯಾನೋ ನುಡಿಸುತ್ತಿದ್ದವರು. ಹುಡುಗನಿಗೆ ಒಂದು ಸಾದಾ ಕ್ಯಾಮರಾ ಕೊಡಿಸಿದ್ದೂ ತಾಯಿಯೇ. ಹಳ್ಳಿಯ ಕ್ಯಾಮರಾ ಅಂಗಡಿಯವರು ಫೋಟೋ ತೊಳೆಯುವುದನ್ನು ಹೇಳಿಕೊಟ್ಟರು. ಯುದ್ಧ ಮುಗಿದಾಗ ಅವರ ಊರು ರಷ್ಯನ್ನರ ಪಾಲಿಗೆ ಬಂತು. ಡ್ರೆಸ್ಡನ್ನಿನ ಕಲಾಶಾಲೆಯಲ್ಲಿ ಕಲಿತು, ಸರ್ಕಾರ ಬಯಸಿದಂಥ ಭಿತ್ತಿಚಿತ್ರಗಳನ್ನು ಬರೆದುಕೊಂಡು ಇದ್ದವರು, 1959ರಲ್ಲಿ ಪಶ್ಚಿಮ ಜರ್ಮನಿಯ ಕಾಸೆಲ್ ಎಂಬಲ್ಲಿ ದೊಡ್ಡ ಪ್ರದರ್ಶನವೊಂದನ್ನು ನೋಡಿದರು. ಅಲ್ಲಿ ಅಮೆರಿಕದ ಪೊಲಾಕರ ಬಣ್ಣ ಎರಚಿದ ಚಿತ್ರಗಳಿದ್ದವು. ನೋಡಿದವರಿಗೆ ತಾವು ಕಲಿತದ್ದರ ಮೇಲಿನ ನಂಬಿಕೆ ಹೋಯಿತು. 1961ರ ಮಾರ್ಚಿಯಲ್ಲಿ ಹೆಂಡತಿಯೊಂದಿಗೆ ಪಶ್ಚಿಮಕ್ಕೆ ದಾಟಿಬಿಟ್ಟರು. ಐದು ತಿಂಗಳಿಗೆ ಬರ್ಲಿನ್ ಗೋಡೆ ಎದ್ದಿತು.

ಹೊಸ ಊರಿನಲ್ಲಿ ಏನು ಬರೆಯುವುದೆಂದು ತೋಚದೆ ಹಿಂದಿನ ಚಿತ್ರಗಳನ್ನೆಲ್ಲ ನಾಶ ಮಾಡಿದರು. ತಮ್ಮ ಕೃತಿಗಳ ಪಟ್ಟಿಯಲ್ಲಿ 1 ಎಂದು ಅವರು ನಮೂದಿಸಿರುವುದು 1962ರ ಒಂದು ಚಿತ್ರವನ್ನು; ಹೆಸರು 'ಮೇಜು'. ಇಟಲಿಯ ಪತ್ರಿಕೆಯೊಂದರಲ್ಲಿ ಬಂದಿದ್ದ ಮೇಜಿನ ಫೋಟೋ ನೋಡಿ ಅದನ್ನು ಹಾಗೆಯೇ ಬರೆದು, ಆಮೇಲೆ ನಡುವೆ ಬಣ್ಣವನ್ನು ಕರಗಿಸಿ ಸುತ್ತಿಸುತ್ತಿ ಬಳಿದಿದ್ದಾರೆ. ಅರ್ಧ ಮೇಜು, ಅರ್ಧ ಸುಳಿ. ಮುಂದಿನ ಐವತ್ತು ವರ್ಷ ಅವರು ಮಾಡಿದ್ದೆಲ್ಲ ಈ ಒಂದು ಮೇಜಿನ ಮೇಲೇ ಇದೆಯೆಂದು ನನಗನ್ನಿಸುತ್ತದೆ.

ಅಲ್ಲಿಂದ ಮುಂದೆ ಕಂಡ ಕಂಡ ಫೋಟೋಗಳನ್ನು ಚಿತ್ರ ಮಾಡುತ್ತ ಹೋದರು. ಏನೇನು ಅಂತೀರಿ? ಮಡಿಸಿಡುವ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಜಾಹೀರಾತು, ಪಕ್ಕದಲ್ಲಿ ನಗುವ ಗೃಹಿಣಿಯ ಸಮೇತ. ಒಂದು ಹಸು. ಅಡುಗೆಮನೆಯ ಕುರ್ಚಿ. ಬಚ್ಚಲಿನ ಕಾಗದದ ಸುರುಳಿ. ಮಹಾಪುರುಷರನ್ನೂ ದೇವತೆಗಳನ್ನೂ ಬರೆಯಬೇಕಾದ ತೈಲವರ್ಣದಲ್ಲಿ ಇದೆಲ್ಲ! ಫೋಟೋವನ್ನು ಯಂತ್ರದ ಮೂಲಕ ಕ್ಯಾನ್‌ವಾಸಿನ ಮೇಲೆ ದೊಡ್ಡದಾಗಿ ಬೀಳಿಸಿ, ಗೆರೆ ಎಳೆದುಕೊಂಡು, ಬೂದಿಬಣ್ಣದಲ್ಲಿ ಚಾಚೂತಪ್ಪದೆ ಬರೆಯುತ್ತಿದ್ದರು. ಅದು ಹಸಿಯಾಗಿರುವಾಗಲೇ ಒಣ ಕುಂಚವನ್ನು ಮೇಲೆ ಎಳೆಯುತ್ತಿದ್ದರು. ಅಂಚುಗಳೆಲ್ಲ ಮಸುಕಾಗಿ, ಓಡುವ ಬಸ್ಸಿನಿಂದ ಕಂಡಂತಾಗುತ್ತಿತ್ತು. ಎಲ್ಲವೂ ಒಂದೇ ಸಮ ಮುಖ್ಯವಾಗಲಿ, ಒಂದೇ ಸಮ ಅಮುಖ್ಯವಾಗಲಿ ಎಂದು ಹಾಗೆ ಮಾಡುತ್ತೇನೆ ಎಂಬರ್ಥದ ಮಾತನ್ನು ಅವರು ಟಿಪ್ಪಣಿಯಲ್ಲಿ ಬರೆದಿಟ್ಟಿದ್ದಾರೆ. ಹಸುವಿಗೂ ಕುರ್ಚಿಗೂ ಆ ಮಾತು ಒಪ್ಪುತ್ತದೆ. ಮನೆಯ ಆಲ್ಬಮ್ಮಿಗೆ ಬಂದಾಗ ಒಪ್ಪುತ್ತದೆಯೇ?

ಅವರೂ ಮನೆಯ ಆಲ್ಬಮ್ಮಿಗೆ ಬಂದರು. 1965ರಲ್ಲಿ ಮೂರು ಚಿತ್ರ ಬರೆದರು. ಮೊದಲನೆಯದು 'ರೂಡಿ ಮಾಮ'. ಸೈನಿಕರ ಉದ್ದ ಕೋಟು ತೊಟ್ಟು ಗೋಡೆಯ ಮುಂದೆ ನಿಂತು ನಗುತ್ತಿರುವ ತರುಣ, ತಾಯಿಯ ತಮ್ಮ. ಅಂದರೆ ನಮ್ಮ ಲೆಕ್ಕದಲ್ಲಿ ಸೋದರಮಾವ. ಮನೆಯವರೆಲ್ಲರ ಮುದ್ದಿನವನು. ಹಿಟ್ಲರನ ಸೈನ್ಯದಲ್ಲಿದ್ದು 1944ರಲ್ಲಿ ಯುದ್ಧದಲ್ಲಿ ಸತ್ತ. ಜರ್ಮನಿಯ ಮನೆಮನೆಯ ಆಲ್ಬಮ್ಮಿನಲ್ಲೂ ಇಂಥ ಒಬ್ಬ ಮಾಮ ಇದ್ದ. ಯಾರೂ ಹೊರಗೆ ತೋರಿಸುತ್ತಿರಲಿಲ್ಲ. ರಿಕ್ಟರ್ ತೋರಿಸಿದರು. ತೋರಿಸಿ, ಆ ಚಿತ್ರವನ್ನು ಝೆಕ್ ದೇಶದ ಲಿಡಿಟ್ಸೆ ಎಂಬ ಹಳ್ಳಿಯ ಸ್ಮಾರಕಕ್ಕೆ ಕೊಟ್ಟರು. 1942ರ ಜೂನ್‌ನಲ್ಲಿ ನಾಜಿಗಳು ನೆಲಸಮ ಮಾಡಿದ ಹಳ್ಳಿ ಅದು.

ಎರಡನೆಯದು 'ಮಾರಿಯಾನೆ ಚಿಕ್ಕಮ್ಮ'. ಜರ್ಮನ್ ಭಾಷೆಯಲ್ಲಿ ಅತ್ತೆಗೂ ದೊಡ್ಡಮ್ಮನಿಗೂ ಚಿಕ್ಕಮ್ಮನಿಗೂ ಒಂದೇ ಮಾತು. ನಮ್ಮ ಕನ್ನಡದಲ್ಲಿ ಹಾಗಿಲ್ಲವಲ್ಲ. ತಾಯಿಯ ತಂಗಿಯೆಂದು ಓದಿದ ಕೂಡಲೇ ನನ್ನೊಳಗೆ 'ಚಿಕ್ಕಮ್ಮ' ಎಂಬ ಮಾತೇ ಬಂತು. ಮೂಲ ಫೋಟೋ 1932ರ ಬೇಸಿಗೆಯದು. ಮೇಜಿನ ಮೇಲೆ ದಿಂಬಿಟ್ಟು ಮಲಗಿಸಿರುವ ನಾಲ್ಕು ತಿಂಗಳ ಕೂಸು ರಿಕ್ಟರ್. ಹಿಂದೆ ಹದಿನಾಲ್ಕು ವರ್ಷದ ಚಿಕ್ಕಮ್ಮ. ಎಲ್ಲರ ಮನೆಯಲ್ಲೂ ಇರುವಂಥ ಫೋಟೋ. ಬಿದ್ದುಗಿದ್ದೀತೆಂದು ಹುಡುಗಿಯ ಗಮನವೆಲ್ಲ ಮಗುವಿನ ಕಡೆ.

ಈ ಮಾರಿಯಾನೆ ಇಪ್ಪತ್ತು ದಾಟುವಷ್ಟರಲ್ಲಿ ಕಾಯಿಲೆ ಬಿದ್ದಳು. ಸ್ಕಿಜೋಫ್ರೇನಿಯಾ ಎಂದರು ವೈದ್ಯರು. ಅಂಥವರಿಗೆ ಮಕ್ಕಳಾಗಬಾರದೆಂದು ನಾಜಿಗಳು 1933ರಲ್ಲೇ ಕಾನೂನು ಮಾಡಿದ್ದರು. ಆ ಕಾನೂನಿನಡಿ ಸುಮಾರು 4 ಲಕ್ಷ ಜನರಿಗೆ ಬಲವಂತದ ಸಂತಾನಹರಣ ಶಸ್ತ್ರಕ್ರಿಯೆ ಆಯಿತು. 1938ರಲ್ಲಿ ಮಾರಿಯಾನೆಗೂ ಆಯಿತು. ಯುದ್ಧ ಶುರುವಾದ ಮೇಲೆ ಅಷ್ಟಕ್ಕೇ ನಿಲ್ಲಲಿಲ್ಲ. 1940-41ರಲ್ಲಿ 70,000ಕ್ಕೂ ಹೆಚ್ಚು ರೋಗಿಗಳನ್ನು ವಿಷಾನಿಲದಿಂದ ಕೊಂದರು. ಪಾದ್ರಿಗಳೂ ಮನೆಯವರೂ ಗಲಾಟೆ ಮಾಡಿದಾಗ ಅದನ್ನು ನಿಲ್ಲಿಸಿದ ಹಾಗೆ ಮಾಡಿ, ಆಸ್ಪತ್ರೆಗಳಲ್ಲೇ ಊಟ ಕಡಿಮೆ ಮಾಡಿ, ನಿದ್ದೆಯ ಔಷಧಿ ಹೆಚ್ಚು ಮಾಡಿ ಸಾಯಿಸಿದರು. ಗ್ರೋಸ್‌ಶ್ವೈಡ್ನಿಟ್ಸ್ ಎಂಬಲ್ಲಿನ ಆಸ್ಪತ್ರೆಯಲ್ಲಿ ಮಾರಿಯಾನೆ ತೀರಿಕೊಂಡಿದ್ದು 1945ರ ಫೆಬ್ರವರಿ 16ರಂದು. ಆಗವಳಿಗೆ ಇಪ್ಪತ್ತೇಳು. ಅದೇ ವಾರ ಡ್ರೆಸ್ಡನ್ ಮೇಲೆ ಬಾಂಬಿನ ಮಳೆ ಸುರಿದು ಊರಿಗೆ ಊರೇ ಉರಿದಿತ್ತು. ಒಬ್ಬ ಹುಚ್ಚಿ ಸತ್ತದ್ದನ್ನು ಯಾರು ಕೇಳುತ್ತಾರೆ?

ಮೂರನೆಯ ಚಿತ್ರ 'ಹೇಯ್ಡೆ'. ಪೊಲೀಸಿನವರ ಜೊತೆ ನಡೆಯುತ್ತಿರುವ ಮುದುಕ. ಪತ್ರಿಕೆಯ ಫೋಟೋದಿಂದ ತೆಗೆದದ್ದು. ರೋಗಿಗಳನ್ನು ಕೊಲ್ಲುವ ಆ ಕಾರ್ಯಕ್ರಮಕ್ಕೆ ವೈದ್ಯಕೀಯ ಮುಖ್ಯಸ್ಥನಾಗಿದ್ದವನು ಈ ವೆರ್ನರ್ ಹೇಯ್ಡೆ. ಯುದ್ಧದ ನಂತರ ಸುಳ್ಳು ಹೆಸರಿನಲ್ಲಿ ಮತ್ತೆ ಡಾಕ್ಟರಿಕೆ ಮಾಡಿಕೊಂಡಿದ್ದು 1959ರಲ್ಲಿ ಸಿಕ್ಕಿದ. 1964ರಲ್ಲಿ, ವಿಚಾರಣೆಗೆ ಮೊದಲು, ಜೈಲಿನಲ್ಲಿ ನೇಣು ಹಾಕಿಕೊಂಡ. ಸತ್ತ ಚಿಕ್ಕಮ್ಮನನ್ನೂ ಅವಳಂಥವರನ್ನು ಸಾಯಿಸಿದವನನ್ನೂ ಒಂದೇ ವರ್ಷದಲ್ಲಿ ಒಂದೇ ಬೂದಿಬಣ್ಣದಲ್ಲಿ ಬರೆದರು. ಆಗ ನೋಡಿದವರಿಗೆ ಅವೆರಡರ ನಡುವೆ ಸಂಬಂಧ ಕಂಡಿರಲಿಲ್ಲ. ಮಸುಕು ಮಾಡಿ ಬರೆಯುವ ಹೊಸ ಶೈಲಿ ಎಂದು ಹೊಗಳಿ ಸುಮ್ಮನಾದರು.

ಇನ್ನೊಂದು ಸಂಗತಿ ಕೇಳಿ. ರಿಕ್ಟರರ ಮೊದಲ ಹೆಂಡತಿ ಎಮಾ. ಅವರ ತಂದೆ ಹೈನ್ರಿಚ್ ಆಯ್‌ಫಿಂಗರ್ ಡ್ರೆಸ್ಡನ್ನಿನಲ್ಲಿ ಹೆಸರಾಂತ ಸ್ತ್ರೀರೋಗ ತಜ್ಞರು. 1964ರಲ್ಲಿ ರಿಕ್ಟರ್ ಮಾವನ ಮನೆಯ ಹಳೆಯ ಫೋಟೋ ಒಂದನ್ನು 'ಸಮುದ್ರತೀರದಲ್ಲಿ ಕುಟುಂಬ' ಎಂದು ದೊಡ್ಡದಾಗಿ ಬರೆದಿದ್ದರು. ನೀರಿನಲ್ಲಿ ಕೂತು ಎಲ್ಲರೂ ನಗುವವರೇ. ಸುಮಾರು ನಲವತ್ತು ವರ್ಷದ ನಂತರ, 2005ರಲ್ಲಿ, ಯೂರ್ಗನ್ ಶ್ರೈಬರ್ ಎಂಬ ಪತ್ರಕರ್ತ ದಾಖಲೆಗಳನ್ನು ಕೆದಕಿ ಪುಸ್ತಕ ಬರೆದ. ಆ ಮಾವ ನಾಜಿಗಳ ಎಸ್ಸೆಸ್ ಪಡೆಯ ಅಧಿಕಾರಿಯಾಗಿದ್ದರು. ತಮ್ಮ ಆಸ್ಪತ್ರೆಯಲ್ಲಿ ನಡೆದ 900ರಷ್ಟು ಬಲವಂತದ ಸಂತಾನಹರಣಗಳ ಹೊಣೆ ಅವರದು. ಚಿಕ್ಕಮ್ಮನ ಚಿತ್ರ ಬರೆದ ಕೈಯೇ ಮಾವನ ಚಿತ್ರವನ್ನೂ ಬರೆದಿತ್ತು, ಅದೂ ನಗುನಗುತ್ತ. ಬರೆದವರಿಗೇ ಇದರ ಅರಿವಿರಲಿಲ್ಲ. ಹೆಣ್ಣು ಕೊಟ್ಟ ಮನೆಯಲ್ಲಿ ಏನನ್ನು ಮುಚ್ಚಿಟ್ಟಿದ್ದಾರೆಂದು ಅಳಿಯನಿಗೆ ಹೇಳುವವರು ಯಾರು? ಇಲ್ಲಿಯದೇ ಕಥೆಯೆನ್ನಿಸಲಿಲ್ಲವೇ ನಿಮಗೆ?

ಎಪ್ಪತ್ತರ ದಶಕದಿಂದ ಅವರು ಅಮೂರ್ತದ ಕಡೆ ತಿರುಗಿದರು. ಆದರೆ ತಮಾಷೆ ನೋಡಿ, ಅಲ್ಲಿಗೂ ಫೋಟೋವನ್ನೇ ಹಿಡಿದುಕೊಂಡು ಹೋದರು. ಬಣ್ಣ ಮೆತ್ತಿದ ಒಂದು ಚೂರು ಜಾಗದ ಫೋಟೋ ತೆಗೆದು, ಅದನ್ನು ಗೋಡೆಯಷ್ಟು ದೊಡ್ಡದು ಮಾಡಿ, ಮತ್ತೆ ತದ್ವತ್ ಬರೆಯುವುದು. ದೂರದಿಂದ ನೋಡಿದರೆ ಬೆಟ್ಟ ಕಣಿವೆ. ನಿಜವಾಗಿ ಬೆರಳಗಲದ ಬಣ್ಣದ ಮೆತ್ತು. 1978ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿದ್ದಾಗ ತಮ್ಮದೇ ಒಂದು ಅಮೂರ್ತ ಚಿತ್ರವನ್ನು ಬೇರೆ ಬೇರೆ ಮಗ್ಗುಲಿನಿಂದ, ಬೇರೆ ಬೇರೆ ಬೆಳಕಿನಲ್ಲಿ 128 ಕಪ್ಪುಬಿಳುಪು ಫೋಟೋ ತೆಗೆದರು. ಅದರಲ್ಲಿ ಕೆಲವು ಚಂದ್ರನ ನೆಲದ ಹಾಗಿವೆ. ಎಂಬತ್ತರ ದಶಕದ ಹೊತ್ತಿಗೆ ಕುಂಚ ಬಿಟ್ಟು ಉದ್ದನೆಯ ಪ್ಲಾಸ್ಟಿಕ್ ಹಲಗೆ ಹಿಡಿದರು. ಗಾರೆಯವನು ಗೋಡೆಯ ಮೇಲೆ ಪಟ್ಟಿ ಎಳೆಯುತ್ತಾನಲ್ಲ, ಹಾಗೆ. ಹಲಗೆಗೆ ಬಣ್ಣ ಬಳಿದು ಇಡೀ ಕ್ಯಾನ್‌ವಾಸಿನ ಮೇಲೆ ಒತ್ತಿ ಎಳೆದರೆ ಮೇಲಿನ ಬಣ್ಣ ಕೂರುತ್ತದೆ, ಕೆಳಗಿನದು ಅಲ್ಲಲ್ಲಿ ಕಿತ್ತುಕೊಂಡು ಬರುತ್ತದೆ. ಒಣಗಿದ ಮೇಲೆ ಮತ್ತೆ ಎಳೆತ. ಏನು ಉಳಿಯುತ್ತದೆಂದು ಎಳೆಯುವವರಿಗೂ ಮೊದಲೇ ತಿಳಿಯುವುದಿಲ್ಲ.

ನಾನು ನಿಂತುಬಿಟ್ಟೆನಲ್ಲ, ಆ ಪುಟ್ಟ ಫೋಟೋಗಳು ಹುಟ್ಟಿದ್ದು ಈ ಹಲಗೆಯಿಂದಲೇ. 1986ರ ಆಸುಪಾಸಿನಲ್ಲಿ ಶುರುವಾದದ್ದು. ದಿನದ ಕೆಲಸ ಮುಗಿದ ಮೇಲೆ ಹಲಗೆಯ ಅಂಚಿನಲ್ಲಿ ಹಸಿಬಣ್ಣ ಉಳಿದಿರುತ್ತದೆ. ಅದನ್ನು ಒರೆಸಿ ಎಸೆಯುವ ಬದಲು ಅಂಗಡಿಯಲ್ಲಿ ತೊಳೆಸಿ ತಂದ ಮನೆಯ ಫೋಟೋಗಳನ್ನು ಅದರ ಮೇಲೆ ಎಳೆಯುವುದು, ಅದ್ದುವುದು, ಒತ್ತುವುದು. ಪ್ರವಾಸದ್ದು, ತೋಟದ್ದು, ಹೆಂಡತಿ ಮಕ್ಕಳದ್ದು, ಚೆನ್ನಾಗಿ ಬಾರದೆ ಮೂಲೆಗೆ ಬಿದ್ದದ್ದು. ದೋಸೆ ಹೆಂಚು ಇಳಿಸುವ ಮುಂಚೆ ಉಳಿದ ಹಿಟ್ಟಿನಲ್ಲಿ ಮಕ್ಕಳಿಗೊಂದು ಪುಟ್ಟ ದೋಸೆ ಹುಯ್ಯುವ ಲೆಕ್ಕ ಎನ್ನಿ. ಕ್ಷಣದಲ್ಲಿ ಆಗಬೇಕು, ತಿದ್ದಲು ಬರುವುದಿಲ್ಲ. ಸರಿಬಾರದಿದ್ದರೆ ಹರಿದೆಸೆದರು. ಆದರೂ ಸಾವಿರಕ್ಕೂ ಹೆಚ್ಚು ಉಳಿದುಕೊಂಡಿವೆ. ಹೆಚ್ಚಿನವನ್ನು ಆಪ್ತರಿಗೆ ಕೊಟ್ಟು ಸುಮ್ಮನಿದ್ದರು. 2008ರಲ್ಲಿ ಲೆವರ್ಕುಸನ್ ಎಂಬ ಊರಿನ ಮ್ಯೂಸಿಯಂನಲ್ಲಿ ಅವಕ್ಕೇ ಒಂದು ಪ್ರದರ್ಶನವಾಯಿತು.

ಅವುಗಳಲ್ಲಿ ಬಣ್ಣ ಒಂದೊಂದು ಕಡೆ ಒಂದೊಂದು ಕೆಲಸ ಮಾಡುತ್ತದೆ. ಕೆಲವದರಲ್ಲಿ ಮಳೆಯ ಹಾಗೆ ಸುರಿಯುತ್ತದೆ, ಕೆಲವದರಲ್ಲಿ ಬಾಗಿಲಿನ ಪರದೆ. ಒಂದರಲ್ಲಿ ಬಣ್ಣ ಹಿಂದಿನ ಹಿಮದೊಂದಿಗೆ ಎಷ್ಟು ಬೆರೆತಿತ್ತೆಂದರೆ ಫೋಟೋ ಎಲ್ಲಿ ಮುಗಿಯಿತೆಂದು ಹುಡುಕಬೇಕಾಯಿತು. ಮುಚ್ಚಿದ ಮೇಲೆ ಉಳಿದ ಒಂದಂಗುಲವನ್ನು ನಾವು ಎಷ್ಟು ಕಣ್ಣಿಟ್ಟು ನೋಡುತ್ತೇವೆ! ಪೂರ್ತಿ ಫೋಟೋ ಇದ್ದಿದ್ದರೆ ಯಾರದೋ ಮನೆಯವರು ಎಂದು ಮುಂದೆ ಹೋಗುತ್ತಿದ್ದೆ. ನಡುಮನೆಯಲ್ಲಿ ಮಲಗಿ ಶಾಯಿಯ ಮಚ್ಚೆ ನೋಡುತ್ತಿದ್ದ ಹುಡುಗಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಅಜ್ಜನ ಶಾಯಿಯೂ ರಿಕ್ಟರರ ಬಣ್ಣವೂ ಒಂದೇ ಎಂದು ಹೇಳಲು ನನಗೆ ಮನಸ್ಸಿಲ್ಲ. ಅದಕ್ಕೆ ಕಾರಣ ಅದೇ ಕಟ್ಟಡದಲ್ಲಿ ನೋಡಿದ ಇನ್ನೊಂದು ಕೋಣೆ.

ಆ ಕೋಣೆಯಲ್ಲಿ ನಾಲ್ಕು ದೊಡ್ಡ ಚಿತ್ರಗಳು, ಒಂದೊಂದೂ 260 ಸೆಂಟಿಮೀಟರ್ ಎತ್ತರ, 200 ಅಗಲ. ಕಪ್ಪು, ಬಿಳುಪು, ಬೂದಿ. ನಡುನಡುವೆ ಕೆಂಪು, ಹಸಿರು. ಹೆಸರು 'ಬಿರ್ಕೆನಾವ್', 2014. ಪೋಲೆಂಡಿನ ಆಶ್ವಿಟ್ಸ್ ಶಿಬಿರದ ಭಾಗ ಅದು. 1944ರ ಆಗಸ್ಟಿನಲ್ಲಿ ಅಲ್ಲಿ ಹೆಣ ಸುಡುವ ಕೆಲಸಕ್ಕೆ ಹಚ್ಚಿದ್ದ ಯಹೂದಿ ಕೈದಿಗಳು, ಹೊರಗಿನವರು ನಂಬಲಿ ಎಂದು, ಕದ್ದು ತರಿಸಿದ ಕ್ಯಾಮರಾದಿಂದ ನಾಲ್ಕು ಫೋಟೋ ತೆಗೆದರು. ತೆಗೆದವರು ಗ್ರೀಸಿನ ಆಲ್ಬರ್ಟೋ ಎರ್ರೆರಾ ಎಂದು ನಂಬಲಾಗಿದೆ. ಅವರು ಬದುಕಿ ಬರಲಿಲ್ಲ. ಫಿಲ್ಮು ಹಲ್ಲುಜ್ಜುವ ಪೇಸ್ಟಿನ ಟ್ಯೂಬಿನೊಳಗೆ ಅಡಗಿ ಹೊರಗೆ ಹೋಯಿತು. ಎರಡರಲ್ಲಿ ಬಯಲಿನಲ್ಲಿ ಹೆಣ ಸುಡುತ್ತಿರುವುದು. ಒಂದರಲ್ಲಿ ಮರಗಳ ನಡುವೆ ಬಟ್ಟೆ ಕಳಚಿಸಿದ ಹೆಂಗಸರು. ನಾಲ್ಕನೆಯದರಲ್ಲಿ ಮರದ ತುದಿ, ಆಕಾಶ, ಅಷ್ಟೆ. ಸಿಕ್ಕಿಬಿದ್ದರೆ ಸಾವು, ಕಣ್ಣಿಗೆ ಹಿಡಿದು ನೋಡಿ ತೆಗೆಯುವ ಹಾಗಿಲ್ಲ. ಕೈ ಎಲ್ಲಿ ತಿರುಗಿತೋ ಅದು ಬಂತು. ಅದನ್ನು ನೋಡಿದಾಗ, ಇದಕ್ಕಿಂತ ಅಮೂರ್ತವಾದ ಚಿತ್ರ ಬೇರೆ ಇದೆಯೇ ಎನ್ನಿಸಿತು. ಯಾರೂ ಬೇಕೆಂದು ಮಾಡಿದ್ದಲ್ಲ.

ರಿಕ್ಟರ್ ಶಿಬಿರಗಳ ಫೋಟೋಗಳನ್ನು 1967ರಷ್ಟು ಹಿಂದೆಯೇ ತೆಗೆದಿಟ್ಟುಕೊಂಡಿದ್ದರು. 'ಅಟ್ಲಾಸ್' ಎಂದು ಅವರದೊಂದು ಸಂಗ್ರಹವಿದೆ: ಮನೆಯ ಫೋಟೋ, ಪೇಪರಿನ ಕತ್ತರಿಕೆ, ಮೋಡ, ಮೇಣದ ಬತ್ತಿ ಎಲ್ಲ ಅಂಟಿಸಿದ ಸುಮಾರು 800 ಹಾಳೆಗಳು. ಅವು ಅದರಲ್ಲೇ ಕುಳಿತಿದ್ದವು, ಚಿತ್ರವಾಗಲಿಲ್ಲ. ಕೊನೆಗೆ ಎಂಬತ್ತು ದಾಟಿದ ಮೇಲೆ ಈ ನಾಲ್ಕು ಫೋಟೋಗಳನ್ನು ನಾಲ್ಕು ಕ್ಯಾನ್‌ವಾಸಿನ ಮೇಲೆ ಬರೆದುಕೊಂಡು, ಹಳೆಯ ರೀತಿಯಲ್ಲೇ ಚಿತ್ರ ಮಾಡಲು ಹೊರಟರು. ಆಗಲಿಲ್ಲ. ಹಲಗೆ ಹಿಡಿದು ಬಣ್ಣ ಎಳೆದರು. ಪದರದ ಮೇಲೆ ಪದರ, ಕೆಳಗಿನದು ಒಂದು ಚೂರೂ ಕಾಣದ ಹಾಗೆ.

ಹಾಗಾದರೆ ಅವರು ಮಾಡಿದ್ದೂ ಅಜ್ಜ ಮಾಡಿದ್ದೇ ತಾನೆ? ಆ ಕೋಣೆಯಲ್ಲಿ ನಿಂತು ನಾನು ಕೇಳಿಕೊಂಡದ್ದು ಇದನ್ನೇ. ಎಷ್ಟೋ ವಿಮರ್ಶಕರೂ ಕೇಳಿದ್ದಾರಂತೆ: ಹೆಸರು ಹೇಳದಿದ್ದರೆ ಇದು ಬಿರ್ಕೆನಾವ್ ಎಂದು ಯಾರಿಗೆ ತಿಳಿಯುತ್ತದೆ? ಮುಚ್ಚಿದ್ದು ಗೌರವವೋ, ಜಾರಿಕೆಯೋ? ನನ್ನ ಮಟ್ಟಿಗೆ ಉತ್ತರ ಕೊಟ್ಟದ್ದು ಚಿತ್ರಗಳಲ್ಲ, ಅವುಗಳ ಪಕ್ಕದಲ್ಲಿ ತೂಗುಹಾಕಿದ್ದ ನಾಲ್ಕು ಪುಟ್ಟ ಫೋಟೋಗಳು. ಕೆಳಗೆ ಏನಿದೆಯೆಂಬುದನ್ನು ಪಕ್ಕದಲ್ಲೇ ಇಟ್ಟಿದ್ದಾರೆ. ಎದುರು ಗೋಡೆಗೆ ದೊಡ್ಡ ಬೂದಿ ಕನ್ನಡಿಗಳು. ಅವುಗಳಲ್ಲಿ ಚಿತ್ರಗಳೂ ಕಾಣುತ್ತವೆ, ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡ ನಾನೂ ಕಂಡೆ. ಫೋಟೋಗಳನ್ನು ಇಡದೇ ಹೋಗಿದ್ದರೆ ನಾನು ರಿಕ್ಟರರನ್ನು ಒಪ್ಪುತ್ತಿರಲಿಲ್ಲ. ಎಷ್ಟು ದೊಡ್ಡ ಕಲಾವಿದರಾದರೂ ಸರಿಯೇ.

ಅಲ್ಲೇ ಬೆಂಚಿನ ಮೇಲೆ ಕೂತು ಮಗಳಿಗೆ ಚಿಕ್ಕಮ್ಮನ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿಗೆ ಅವರ ತಂಗಿ ನೆನಪಾಗ್ತಾರಾ? ನೀನು ಯಾವತ್ತಾದ್ರೂ ಕೇಳಿದೀಯಾ?" ಎಂದಳು. ಕೇಳಿರಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಊರಿಗೆ ಬಂದ ಮೇಲೆ ಫೋಟೋ ಇಳಿಸಿದೆ. ಅಜ್ಜಿಮನೆ ಮಾರಿದ ಮೇಲೆ ಅದು ನಮ್ಮಲ್ಲೇ ಇದೆ. ಮಲೆನಾಡಿನ ಮಳೆಗೆ ಕಟ್ಟಿನೊಳಗೆಲ್ಲ ಬೂಷ್ಟು ಬಂದು, ಕೆಳಗಿನ ಸಾಲಿನ ಮಕ್ಕಳ ಕಾಲೆಲ್ಲ ಹಳದಿ ಕಂದು ಹೂವಿನಂತಾಗಿದೆ. ಅಜ್ಜ ಶಾಯಿಯಲ್ಲಿ ಮಾಡಿದ್ದನ್ನು ಮಳೆ ತನ್ನ ಪಾಡಿಗೆ ತಾನು ಮುಂದುವರಿಸಿತ್ತು. ಮಗಳು ಫೋನಿನಲ್ಲಿ, "ಸ್ಕ್ಯಾನ್ ಮಾಡಿ ಕಳಿಸಮ್ಮ, ಕಂಪ್ಯೂಟರಿನಲ್ಲಿ ಆ ಇಂಕು ತೆಗೆಯೋಕಾಗತ್ತಾ ನೋಡೋಣ. ಮುಖ ಸಿಗದಿದ್ರೆ ಅಜ್ಜಿ ಮುಖ ನೋಡಿ ಅಂಥದ್ದೇ ಒಂದು ಕೂರಿಸ್ತಾರೆ" ಎಂದಳು. ಅಮ್ಮನ ಹತ್ತಿರ ಹೇಳಿದೆ. ಎಂಬತ್ತೊಂದರ ಅಮ್ಮ ಕನ್ನಡಕ ಒರೆಸಿಕೊಂಡು, "ಕೂರಿಸಿದ್ದು ಅವಳ ಮುಖ ಹೆಂಗಾಗತ್ತೆ? ಬೇಡ" ಎಂದರು.

ಬೂಷ್ಟು ಒರೆಸಲೆಂದು ಕಟ್ಟು ಬಿಚ್ಚಿಸಿದೆ. ಹಿಂದಿನ ರಟ್ಟು ತೆಗೆದಾಗ ಫೋಟೋದ ಬೆನ್ನ ಮೇಲೆ ಅಜ್ಜನ ಕೈಬರಹ ಇತ್ತು. ಕಟ್ಟು ಹಾಕಿಸುವ ಮೊದಲು ಬರೆದಿರಬೇಕು. ಅಥವಾ ಆ ಮಧ್ಯಾಹ್ನ ಅದೇ ದೌತಿಯಿಂದ ಬರೆದರೋ, ಶಾಯಿಯ ಬಣ್ಣವೇನೋ ಅದೇ. ಸಾಲಿಗೆ ಸರಿಯಾಗಿ, ಎಡದಿಂದ ಬಲಕ್ಕೆ, ಹನ್ನೆರಡು ಹೆಸರು. ಅಮ್ಮನಿಗೆ ಕೊಟ್ಟೆ. ಅಮ್ಮ ಬೆರಳಿಟ್ಟು ಒಂದೊಂದೇ ಹೆಸರು ಓದುತ್ತ ಬಂದರು. ಹಿಂದಿನ ಸಾಲಿನ ಕೊನೆಯ ಹೆಸರಿಗೆ ಬಂದಾಗ ಅದನ್ನೂ ಓದಿದರು, ಎರಡು ಸಲ. ಆ ಹೆಸರನ್ನು ನಮ್ಮ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಅವತ್ತು ಕನಕಾಂಬರವೇ ಬೇಕು ಅಂತ ಹಠ ಮಾಡಿದ್ಲು" ಎಂದರು ಅಮ್ಮ. "ಮಲ್ಲಿಗೆ ಮುಡಿದ್ರೆ ತಲೆನೋವು ಬರತ್ತೆ ಅಂತಿದ್ಲು. ಫೋಟೋ ಗಾಡಿಯವರನ್ನ ನಿಲ್ಲಿಸ್ಕೊಂಡು ನಾನೇ ಹೋಗಿ ಹಿತ್ಲಿಂದ ಬಿಡಿಸ್ಕೊಂಡು ಬಂದೆ. ಮದುಮಗಳು ಹಿತ್ಲಿಗೆ ಹೋದ್ಲು ಅಂತ ಅಮ್ಮ ಬೈದ್ರು."

ಫೋಟೋ ತಿರುಗಿಸಿ ನೋಡಿದೆ. ಮುಂದಕ್ಕೆ ಹಾಕಿಕೊಂಡ ಜಡೆಯ ಬುಡದಲ್ಲಿ, ಶಾಯಿಯ ಅಂಚಿನಿಂದ ಸ್ವಲ್ಪ ಕೆಳಗೆ, ಹೂವು ಇತ್ತು.